ಮೆಟ್ಟಿಲ ತಿರುವಿನಲ್ಲಿ ಬೀರು

ಬೀರು ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ. ಮೆಟ್ಟಿಲು ತಿರುಗುವ ಜಾಗದಲ್ಲಿ ಓರೆಯಾಗಿ ಸಿಕ್ಕಿಕೊಂಡು ಕೂತುಬಿಟ್ಟಿತು. ಮೇಲಿನ ತುದಿ ಹಿಡಿದು ನಾನು. ಕೆಳಗಿನ ತುದಿಯಲ್ಲಿ ಹೆಂಡತಿಯ ತಮ್ಮ. ಅವನಿಂದ ನಾಲ್ಕು ಮೆಟ್ಟಿಲು ಕೆಳಗೆ ಅಪ್ಪ, ಕೈ ಕಟ್ಟಿಕೊಂಡು.

"ಎಡಕ್ಕೆ ತಿರುಗಿಸು."

"ಯಾರ ಎಡಕ್ಕೆ?"

"ನನ್ನ ಎಡಕ್ಕೆ."

"ನಿಮ್ಮ ಮುಖವೇ ಕಾಣ್ತಿಲ್ಲ, ಎಡ ಎಲ್ಲಿಂದ ಕಾಣುತ್ತೆ?"

ಅಪ್ಪ ನಡುನಡುವೆ "ಹಾಗಲ್ಲ, ಹಾಗಲ್ಲ" ಅನ್ನುತ್ತಿದ್ದರು. ಹೇಗೆ ಅಂತ ಒಂದು ಸಲವೂ ಹೇಳಲಿಲ್ಲ. ಹೆಂಡತಿ ನನ್ನ ಬೆನ್ನ ಹಿಂದೆ, ಬಾಗಿಲ ಹತ್ತಿರ ನಿಂತಿದ್ದಳು. ಅವಳು ಏನೂ ಹೇಳುತ್ತಿರಲಿಲ್ಲ. ಅದು ಜಾಸ್ತಿ ಕಷ್ಟವಾಗಿತ್ತು. ಯಾಕೆಂದರೆ ಹಿಂದಿನ ರಾತ್ರಿ ಅವಳು ಟೇಪು ತಂದು ಕೈಗೆ ಕೊಟ್ಟು "ಒಂದ್ಸಲ ಅಳತೆ ತಗೊಳ್ಳಿ" ಅಂದಿದ್ದಳು. "ನಂದು ಕಣ್ಣಳತೆ, ಒಂದಿಂಚೂ ತಪ್ಪಲ್ಲ" ಅಂದವನು ನಾನೇ.

ತಪ್ಪಿದ್ದು ನಾಲ್ಕಿಂಚು.

ಅಷ್ಟರಲ್ಲಿ ಮೇಲಿನ ಮನೆಯ ಹೆಂಗಸು ಎರಡು ಚೀಲ ಹಿಡಿದು ಮೆಟ್ಟಿಲು ಹತ್ತಿಬಂದರು. ದಾರಿ ಇಲ್ಲ. ಅಪ್ಪನ ಪಕ್ಕ ಚೀಲ ಇಳಿಸಿ ನಿಂತರು. ನಾವು ಬೀರುವನ್ನು ಎತ್ತಿದೆವು, ಇಳಿಸಿದೆವು, ಒಬ್ಬರನ್ನೊಬ್ಬರು ಬೈದೆವು. ಒಂದು ಸಲ ಕೈ ಜಾರಿ ಬೀರುವಿನ ಮೂಲೆ ಗೋಡೆಗೆ ಉಜ್ಜಿ ಮೊಳದುದ್ದ ಬಣ್ಣ ಕಿತ್ತುಕೊಂಡು ಬಂತು. ಇನ್ನೊಂದು ಸಲ ಹೆಂಡತಿಯ ತಮ್ಮನ ಹೆಬ್ಬೆರಳು ಬೀರುವಿಗೂ ಕಂಬಿಗೂ ನಡುವೆ ಸಿಕ್ಕಿತು. ಅವನು ಹಾಕಿದ ಕೂಗಿಗೆ ಕೆಳಗಿನ ಮನೆಯ ಬಾಗಿಲು ತೆರೆದು, ನಮ್ಮನ್ನು ನೋಡಿ, ಮತ್ತೆ ಮುಚ್ಚಿಕೊಂಡಿತು.

ಆಮೇಲೆ ಆ ಹೆಂಗಸು ಮೆಲ್ಲಗೆ ಕೇಳಿದರು. "ಅದರ ಕಾಲು ಬಿಚ್ಚೋಕೆ ಬರುತ್ತಲ್ವಾ?"

ಬರುತ್ತಿತ್ತು. ನಾಲ್ಕು ಕಾಲು, ನಾಲ್ಕು ಬೋಲ್ಟು. ಬಿಚ್ಚಿದರೆ ಆರಿಂಚು ಉಳಿತಾಯ. ಹತ್ತು ನಿಮಿಷದಲ್ಲಿ ಬೀರು ಮನೆಯೊಳಗಿತ್ತು. "ಬಂದಾಗಿನಿಂದ ಹೇಳೋಣ ಅಂತಿದ್ದೆ. ನೀವು ಜಗಳದಲ್ಲಿದ್ರಿ, ಮಧ್ಯ ಬಾಯಿ ಹಾಕೋದು ಬೇಡ ಅಂತ ಸುಮ್ನಿದ್ದೆ" ಅಂದರು. ಆವತ್ತು ನಮ್ಮಲ್ಲಿ ಯಾರೂ ನಗಲಿಲ್ಲ. ರಾತ್ರಿ ಊಟದ ಹೊತ್ತಿಗೂ ನಗಲಿಲ್ಲ. ಹೆಂಡತಿಯ ತಮ್ಮ ಹೆಬ್ಬೆರಳನ್ನು ಐಸಿನಲ್ಲಿಟ್ಟುಕೊಂಡು ಗೋಡೆ ನೋಡುತ್ತಾ ಕೂತಿದ್ದ.

ಮೂರು ತಿಂಗಳಾದ ಮೇಲೆ ನಾನೂ ಹೆಂಡತಿಯೂ ಅಮೆರಿಕದ ಹಾಸ್ಯ ಧಾರಾವಾಹಿ ʻಫ್ರೆಂಡ್ಸ್ʼನ ಹಳೆಯ ಕಂತೊಂದನ್ನು ನೋಡುತ್ತಿದ್ದೆವು. 1999ರದು. ರಾಸ್ ಹೊಸ ಸೋಫಾ ಕೊಳ್ಳುತ್ತಾನೆ. ಮನೆಗೆ ತಲುಪಿಸುವ ಖರ್ಚು ಹೆಚ್ಚು ಕಡಿಮೆ ಸೋಫಾದ ಬೆಲೆಯಷ್ಟೇ ಇದೆ ಅಂತ ಗೊತ್ತಾದಾಗ, ತಾನೇ ಹೊತ್ತು ತರುತ್ತೇನೆ ಅಂತ ಹೊರಡುತ್ತಾನೆ. ರೇಚಲ್ ಜೊತೆಗಿದ್ದಾಳೆ, ಆಮೇಲೆ ಚಾಂಡ್ಲರ್ ಸೇರಿಕೊಳ್ಳುತ್ತಾನೆ. ಮೆಟ್ಟಿಲ ತಿರುವಿನಲ್ಲಿ ಸೋಫಾ ಸಿಕ್ಕಿಕೊಳ್ಳುತ್ತದೆ. ರಾಸ್ "ಪಿವಟ್! ಪಿವಟ್!" ಅಂತ ಕಿರುಚುತ್ತಾನೆ. ತಿರುಗಿಸು, ತಿರುಗಿಸು. ಅವನು ಕಿರುಚಿದಷ್ಟೂ ಸೋಫಾ ಇನ್ನಷ್ಟು ಬಿಗಿಯಾಗುತ್ತದೆ. ಬಾಯಿ ಮುಚ್ಚು ಅಂತ ಚಾಂಡ್ಲರ್ ಅರಚುತ್ತಾನೆ. ಕೊನೆಗೆ ಸೋಫಾ ಎರಡು ತುಂಡಾಗುತ್ತದೆ. ಅದೇ ತುಂಡುಗಳನ್ನು ರಾಸ್ ಅಂಗಡಿಗೆ ವಾಪಸ್ ಕೊಡಲು ಹೋಗುತ್ತಾನೆ. ಅವನಿಗೆ ಸಿಗುವುದು 4 ಡಾಲರಿನ ಕ್ರೆಡಿಟ್.

ಹೆಂಡತಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು. ನಾನು ಮಾತ್ರ ಸೋಫಾವನ್ನೇ ನೋಡುತ್ತಿದ್ದೆ. "ಇದರಲ್ಲಿ ನಗೋದೇನಿದೆ? ಅವನು ಸರಿಯಾಗೇ ಹೇಳ್ತಿದಾನೆ, ಅವರೇ ತಿರುಗಿಸ್ತಿಲ್ಲ" ಅಂದೆ. ಅವಳು ದಿಂಬು ತಗೊಂಡು ಮುಖಕ್ಕೆ ಒತ್ತಿಕೊಂಡಳು.

ಆವತ್ತಿನಿಂದ ನನ್ನ ತಲೆಯಲ್ಲಿ ಒಂದು ಹುಳ ಓಡಾಡುತ್ತಿದೆ. ಟೀವಿಯ ಅವಾಂತರಕ್ಕೂ ನಮ್ಮ ಮನೆಯ ಅವಾಂತರಕ್ಕೂ ಅಂಥ ವ್ಯತ್ಯಾಸವೇನೂ ಇಲ್ಲ. ಅದೇ ಮೆಟ್ಟಿಲು, ಅದೇ ಹಟ, ಅದೇ ಎಡ ಬಲದ ಜಗಳ. ಬೇರೆ ಇರುವುದು ನಗು ಬರುವ ಹೊತ್ತು. ಅಲ್ಲಿ ಸೋಫಾ ಸಿಕ್ಕಿಕೊಂಡ ಕ್ಷಣವೇ ನಗು ಕೇಳಿಸುತ್ತದೆ. ನಮ್ಮಲ್ಲಿ ಅದು ಬಸ್ಸು ತಪ್ಪಿಸಿಕೊಂಡ ನೆಂಟರ ಹಾಗೆ. ಬರುತ್ತದೆ. ಯಾವಾಗ ಅಂತ ಹೇಳಲಾಗುವುದಿಲ್ಲ.

ಸಿಟ್‌ಕಾಮ್, ಅಂದರೆ ಇಂಥ ಟೀವಿ ಹಾಸ್ಯ ಧಾರಾವಾಹಿ, ಬರೆಯುವವರಿಗೆ ಅವಾಂತರ ಹುಟ್ಟಿಸುವುದು ದೊಡ್ಡ ಕೆಲಸ ಅಲ್ಲ. ಹಾಲು ಉಕ್ಕುತ್ತದೆ, ಬೀಗದ ಕೈ ಕಳೆಯುತ್ತದೆ, ತಪ್ಪು ಜನರಿಗೆ ಮೆಸೇಜು ಹೋಗುತ್ತದೆ. ಇದೆಲ್ಲ ಎರಡು ನಿಮಿಷದ ಸರಕು. ಸುಮಾರು 22 ನಿಮಿಷ ಅದನ್ನು ಎಳೆದುಕೊಂಡು ಹೋಗುವುದು ಹೇಗೆ ಅನ್ನುವುದೇ ಕಸುಬು. ಅದಕ್ಕೆ ಅವರ ಹತ್ತಿರ ಒಂದು ಹಳೆಯ ಉಪಾಯ ಇದೆ. ಒಂದೇ ಒಂದು ಮಾತು ಆಡಿದರೆ ಎಲ್ಲ ಮುಗಿಯುತ್ತದೆ. ಆ ಮಾತನ್ನು ಯಾರೂ ಆಡದ ಹಾಗೆ ನೋಡಿಕೊಳ್ಳಬೇಕು.

ಇದನ್ನು ʻಫಾಲ್ಟಿ ಟವರ್ಸ್ʼನಷ್ಟು ನಿರ್ದಯವಾಗಿ ಮಾಡಿದವರನ್ನು ನಾನು ಕಂಡಿಲ್ಲ. ಬ್ರಿಟನ್ನಿನ ಈ ಸರಣಿಯಲ್ಲಿ ಇರುವುದೇ 12 ಕಂತು. ಆರು 1975ರಲ್ಲಿ ಬಂದವು, ಉಳಿದ ಆರು 1979ರಲ್ಲಿ. ಅದರಲ್ಲಿ ಮದುವೆಯ ವಾರ್ಷಿಕೋತ್ಸವದ ಕಂತು ಒಂದಿದೆ. ಹೋಟೆಲ್ ನಡೆಸುವ ಬೇಸಿಲ್ ಹೆಂಡತಿ ಸಿಬಿಲ್‌ಗೆ ಗೊತ್ತಾಗದ ಹಾಗೆ ಗೆಳೆಯರನ್ನು ಕರೆದಿದ್ದಾನೆ. ದಿನ ಮರೆತವನ ಹಾಗೆ ನಟಿಸುತ್ತಾನೆ. ಅವಳನ್ನು ಸ್ವಲ್ಪ ಉರಿಸಿ ಆಮೇಲೆ ಖುಷಿಪಡಿಸುವ ಲೆಕ್ಕ. ಹೋದ ವರ್ಷ ಅವನು ನಿಜವಾಗಿಯೂ ಮರೆತಿದ್ದ. ಹಾಗಾಗಿ ಸಿಬಿಲ್ ಕೋಪ ಮಾಡಿಕೊಂಡು ಹೊರಟೇ ಹೋಗುತ್ತಾಳೆ. ಅವಳು ಆಚೆ ಹೋದ ಬೆನ್ನಿಗೇ ಗೆಳೆಯರು ಬರುತ್ತಾರೆ.

ಈಗ ಹೇಳಬೇಕಾದ ಮಾತು ಒಂದೇ. "ಜಗಳ ಆಯ್ತು, ಹೋಗಿದಾಳೆ, ಬರ್ತಾಳೆ, ಕೂತ್ಕೊಳ್ಳಿ." ಬೇಸಿಲ್ ಹೇಳುವುದಿಲ್ಲ. ಅವಳಿಗೆ ಮೈ ಸರಿಯಿಲ್ಲ, ಮೇಲೆ ಮಲಗಿದ್ದಾಳೆ ಅನ್ನುತ್ತಾನೆ. ಬಂದವರಲ್ಲಿ ಒಬ್ಬಳು ನೋಡಿಕೊಂಡೇ ಬರುತ್ತೇನೆ ಅನ್ನುತ್ತಾಳೆ. ಹೋಟೆಲಿನಲ್ಲಿ ಕೆಲಸ ಮಾಡುವ ಪಾಲಿ ಎಂಬವಳಿಗೆ ವಿಗ್ ಹಾಕಿಸಿ, ಕತ್ತಲೆ ಮಾಡಿದ ಕೋಣೆಯಲ್ಲಿ ಮಲಗಿಸುತ್ತಾನೆ. ಅಷ್ಟರಲ್ಲಿ ನಿಜವಾದ ಸಿಬಿಲ್ ವಾಪಸ್ ಬರುತ್ತಾಳೆ. ಇವಳು ಸಿಬಿಲ್ ಅಲ್ಲ, ಅವಳ ಹಾಗೇ ಕಾಣುವ ಬೇರೆ ಯಾರೋ ಅಂತ ಗೆಳೆಯರಿಗೆ ಹೇಳಿ, ಸ್ವಂತ ಹೆಂಡತಿಯನ್ನು ಅಡುಗೆಮನೆಯ ಕಪಾಟಿಗೆ ತುಂಬಿ ಬೀಗ ಹಾಕುತ್ತಾನೆ. ಶುರುವಾಗಿದ್ದು ಹೆಂಡತಿಯನ್ನು ಖುಷಿಪಡಿಸಬೇಕು ಅನ್ನುವಲ್ಲಿಂದ!

ಇದನ್ನು ಬರೆದವರು ಗಂಡ ಹೆಂಡತಿ. ಬೇಸಿಲ್ ಆಗಿ ನಟಿಸಿದ ಜಾನ್ ಕ್ಲೀಸ್ ಮತ್ತು ಪಾಲಿಯಾಗಿ ನಟಿಸಿದ ಕಾನಿ ಬೂತ್. ಗಂಡ ಹೆಂಡತಿಯಾಗಿದ್ದರು ಅನ್ನಬೇಕು. ಎರಡನೆಯ ಆರು ಕಂತು ತೆರೆಗೆ ಬರುವ ಮೊದಲೇ, 1978ರಲ್ಲಿ, ಅವರ ವಿಚ್ಛೇದನವಾಗಿತ್ತು. ಬೇರೆಯಾದ ಇಬ್ಬರು ಸೇರಿ ಮದುವೆಯ ವಾರ್ಷಿಕೋತ್ಸವ ಹಾಳಾಗುವ ಕಥೆ ಬರೆದಿದ್ದಾರೆ. ಅವರಿಗೆ ಬರೆಯುವಾಗ ಏನನಿಸಿತೋ. ನನಗಂತೂ ಇದು ಗೊತ್ತಾದ ಮೇಲೆ ಆ ಕಪಾಟಿನ ದೃಶ್ಯ ಮೊದಲಿನಷ್ಟು ಹಗುರವಾಗಿಲ್ಲ.

ನನ್ನ ತಂಗಿಗೆ ಈ ಥರದ ಕಂತು ಆಗುವುದೇ ಇಲ್ಲ. ಸುಳ್ಳು ಎರಡನೇ ಸುತ್ತಿಗೆ ಬರುವ ಹೊತ್ತಿಗೆ ಎದ್ದು ಹೊರಗೆ ಹೋಗುತ್ತಾಳೆ. "ಮುಗೀತಾ?" ಅಂತ ಅಲ್ಲಿಂದಲೇ ಕೇಳುತ್ತಾಳೆ. ಅವಳ ಪಾಲಿಗೆ ಅದು ತಮಾಷೆ ಅಲ್ಲ. ಅವಮಾನ ಆಗುತ್ತಿರುವುದು ತನಗೇ ಅನ್ನುವ ಹಾಗೆ ಅವಳ ಕಿವಿ ಕೆಂಪಾಗುತ್ತದೆ. ನಾನು ಇನ್ನೊಂದು ಜಾತಿ. ಕೂತಲ್ಲಿಂದಲೇ ಟೀವಿಗೆ ಬುದ್ಧಿ ಹೇಳುತ್ತೇನೆ. "ಹೇಳ್ಬಿಡೋ ಮಾರಾಯ, ಹೇಳ್ಬಿಡು!" ಬೀರು ಹೊತ್ತ ದಿನ "ನೀನು ಹೇಳಿದ್ದು ಸರಿ, ಅಳತೆ ತಗೋಬೇಕಿತ್ತು" ಅನ್ನುವ ಮಾತು ನನ್ನ ಬಾಯಿಂದ ಬಂದಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತಿತ್ತು. ಬರಲಿಲ್ಲ. ಮೇಲಿನ ಮನೆಯವರ ಬಾಯಿಂದಲೂ ಅವರ ಮಾತು ಬೇಗ ಬರಲಿಲ್ಲ. ಅವರದು ಮರ್ಯಾದೆ, ನನ್ನದು ಜಂಬ. ಬೀರುವಿಗೆ ಎರಡೂ ಒಂದೇ.

ಇನ್ನು ಆ ನಗುವಿನ ವಿಷಯ. ಟೀವಿಯಲ್ಲಿ ಕೇಳುವ ನಗು ಯಾರದು?

ಕೆಲವು ಕಡೆ ನಿಜವಾದ ಜನರದೇ. ಅಮೆರಿಕದ ʻಐ ಲವ್ ಲೂಸಿʼ 1951ರಲ್ಲಿ ಶುರುವಾದಾಗ, ಎದುರಿಗೆ ಪ್ರೇಕ್ಷಕರನ್ನು ಕೂರಿಸಿಕೊಂಡು, ಮೂರು ಫಿಲಂ ಕ್ಯಾಮೆರಾ ಒಟ್ಟಿಗೆ ಓಡಿಸಿ ಚಿತ್ರೀಕರಿಸುತ್ತಿದ್ದರು. ನಾಟಕದ ಹಾಗೆ ಒಂದೇ ಬೀಸಿಗೆ ಆಡುವುದು, ಸಿನಿಮಾದ ಹಾಗೆ ಹಿಡಿದಿಡುವುದು. ಲೂಸಿಯಾಗಿ ಲೂಸಿಲ್ ಬಾಲ್, ಗಂಡ ರಿಕಿಯಾಗಿ ಅವಳ ನಿಜವಾದ ಗಂಡ ಡೆಸಿ ಆರ್ನಾಜ್. ಪ್ರೇಕ್ಷಕರ ನಡುವೆ ಲೂಸಿಲ್‌ಳ ತಾಯಿ ಬಂದು ಕೂರುತ್ತಿದ್ದರು. ಮಗಳು ಯಾವುದಾದರೂ ಎಡವಟ್ಟಿಗೆ ಕೈ ಹಾಕುವ ಹೊತ್ತಿಗೆ ಅವರು "ಅ... ಓ" ಅನ್ನುವುದು ಧ್ವನಿಮುದ್ರಣದಲ್ಲೇ ಸಿಕ್ಕಿದೆಯಂತೆ. ನಮ್ಮಮ್ಮ ಆಗಿದ್ದರೆ "ಅಯ್ಯಯ್ಯೋ" ಅನ್ನುತ್ತಿದ್ದಳು, ಅಷ್ಟೇ ವ್ಯತ್ಯಾಸ. ಎಲ್ಲರೂ ನಗುವ ಮೊದಲು ಒಬ್ಬಳಿಗೆ ಭಯವಾಗುತ್ತದೆ. ಆ ಒಬ್ಬಳು ಹೆತ್ತವಳು.

1952ರ ಸೆಪ್ಟೆಂಬರಿನಲ್ಲಿ ಬಂದ ಅದರ ಒಂದು ಕಂತಿನಲ್ಲಿ ಗಂಡಂದಿರೂ ಹೆಂಡಿರೂ ಕೆಲಸ ಅದಲು ಬದಲು ಮಾಡಿಕೊಳ್ಳುತ್ತಾರೆ. ದುಡಿಯುವುದು ಕಷ್ಟವೋ ಮನೆ ನೋಡಿಕೊಳ್ಳುವುದು ಕಷ್ಟವೋ ಅನ್ನುವ ಜಗಳ. ಲೂಸಿ ಮತ್ತು ಪಕ್ಕದ ಮನೆಯ ಗೆಳತಿ ಎಥೆಲ್ ಚಾಕೊಲೇಟು ಕಾರ್ಖಾನೆಗೆ ಸೇರುತ್ತಾರೆ. ಯಂತ್ರದಿಂದ ಓಡುವ ಪಟ್ಟಿಯ ಮೇಲೆ ಸಾಲಾಗಿ ಬರುವ ಚಾಕೊಲೇಟಿಗೆ ಕಾಗದ ಸುತ್ತುವ ಕೆಲಸ. ಒಂದೂ ತಪ್ಪಿಸಿಕೊಂಡು ಮುಂದೆ ಹೋಗಬಾರದು. ಹೋದರೆ ಕೆಲಸ ಹೋಯಿತು. ಮೊದಮೊದಲು ಸಲೀಸು. ಆಮೇಲೆ ಪಟ್ಟಿ ಓಡತೊಡಗುತ್ತದೆ. ಇಬ್ಬರೂ ಬಾಯಿಗೆ ತುರುಕಿಕೊಳ್ಳುತ್ತಾರೆ, ಟೋಪಿಯೊಳಗೆ, ಬಟ್ಟೆಯೊಳಗೆ ತುಂಬಿಕೊಳ್ಳುತ್ತಾರೆ. ಮೇಲ್ವಿಚಾರಕಿ ಬಂದು ನೋಡಿದರೆ ಪಟ್ಟಿ ಖಾಲಿ. ಭೇಷ್ ಅಂತ ಇನ್ನೂ ಜೋರಾಗಿ ಓಡಿಸಲು ಹೇಳುತ್ತಾಳೆ. ಕೆಲಸ ಮುಚ್ಚಿಟ್ಟು ಮರ್ಯಾದೆ ಉಳಿಸಿಕೊಂಡವರಿಗೆ ಬಹುಮಾನವಾಗಿ ಇನ್ನಷ್ಟು ಕೆಲಸ. ಆಫೀಸಿನಲ್ಲಿ ಒಂದು ವರ್ಷ ಕಳೆದ ಯಾರಿಗೇ ಆದರೂ ಇದನ್ನು ವಿವರಿಸಬೇಕಿಲ್ಲ. ಅತ್ತ ಮನೆಯಲ್ಲಿ ಗಂಡಸರಿಬ್ಬರು ತಲೆಗೊಂದು ಪೌಂಡ್ ಲೆಕ್ಕದಲ್ಲಿ ಅಕ್ಕಿ ಬೇಯಿಸಲಿಟ್ಟು, ಪಾತ್ರೆಯಿಂದ ಉಕ್ಕಿ ನೆಲಕ್ಕೆ ಹರಿಯುವ ಅನ್ನದಲ್ಲಿ ಜಾರಿ ಬೀಳುತ್ತಿರುತ್ತಾರೆ.

ಇಷ್ಟು ನಗಿಸಿದ ಆ ನಿಜವಾದ ಗಂಡ ಹೆಂಡತಿ 1960ರಲ್ಲಿ ಬೇರೆಯಾದರು.

ಇನ್ನು ಕೆಲವು ಕಡೆ ಆ ನಗು ಡಬ್ಬಿಯದು. ಚಾರ್ಲಿ ಡಗ್ಲಸ್ ಎಂಬ ಅಮೆರಿಕದ ಧ್ವನಿ ತಂತ್ರಜ್ಞ 1950ರ ದಶಕದಲ್ಲಿ ಅದಕ್ಕೆಂದೇ ಒಂದು ಯಂತ್ರ ಕಟ್ಟಿದ. ಒಳಗೆ ಟೇಪಿನ ಸುರುಳಿಗಳಲ್ಲಿ ಬಗೆಬಗೆಯ ನಗು. ಹೊರಗೆ ಟೈಪ್‌ರೈಟರಿನಂಥ ಕೀಲಿಗಳು. ಕಿಸಕ್ಕೆಂದು ನಗಬೇಕೆ, ಒಂದು ಕೀಲಿ. ಸಭೆಯೇ ಹೊಟ್ಟೆ ಹಿಡಿದು ನಗಬೇಕೆ, ಇನ್ನೊಂದು. ಯಂತ್ರದ ಗುಟ್ಟು ಯಾರಿಗೂ ತಿಳಿಯಬಾರದು ಅಂತ ಅದಕ್ಕೆ ಬೀಗ ಹಾಕಿಟ್ಟಿದ್ದನಂತೆ. ಯಾರೋ ಎಂದೋ ಯಾವುದಕ್ಕೋ ನಕ್ಕ ನಗು ವರ್ಷಗಟ್ಟಲೆ ಬೇರೆಯವರ ಮನೆಯ ಎಡವಟ್ಟುಗಳಿಗೆ ಅಂಟಿಕೊಂಡು ಬಂತು.

ಎಲ್ಲ ಕಡೆ ಅಂಟಲಿಲ್ಲ ಅನ್ನಿ. ಕೊರಿಯಾ ಯುದ್ಧದ ಸೇನಾ ಆಸ್ಪತ್ರೆಯ ಕಥೆಯಾದ ʻಮ್ಯಾಶ್ʼ 1972ರಲ್ಲಿ ಶುರುವಾದಾಗ, ಹಾಸ್ಯ ಅಂದಮೇಲೆ ನಗು ಇರಲೇಬೇಕು ಅಂತ ಚಾನೆಲ್‌ನವರು ಪಟ್ಟು ಹಿಡಿದರು. ಮಾಡುವವರಿಗೆ ಮನಸ್ಸಿರಲಿಲ್ಲ. ಕೊನೆಗೆ ಒಂದು ರಾಜಿಯಾಯಿತು. ಬೇರೆ ಕಡೆ ನಗು ಇರಲಿ, ಆಪರೇಷನ್ ಕೋಣೆಯಲ್ಲಿ ಬೇಡ. ವೈದ್ಯರು ಅಲ್ಲೂ ಜೋಕು ಹೊಡೆಯುತ್ತಾರೆ, ಕೈಗೆಲ್ಲ ರಕ್ತ. ಆದರೆ ನಗುವ ಸದ್ದಿಲ್ಲ. ನಗಬೇಕೋ ಬೇಡವೋ ನೋಡುವವರಿಗೆ ಬಿಟ್ಟದ್ದು.

ಇದೆಲ್ಲ ಓದಿದ ಮೇಲೆ ನಮ್ಮ ಮೆಟ್ಟಿಲು ನೆನಪಾಯಿತು. ಆವತ್ತು ಅಲ್ಲಿ ಯಾರಾದರೂ ಆ ಕೀಲಿ ಒತ್ತಿದ್ದರೆ ಹೆಂಡತಿಯ ತಮ್ಮ ಬೀರು ಬಿಟ್ಟು ಹೋಗಿಬಿಡುತ್ತಿದ್ದ.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಒಂದು ತೂಗುದೀಪದ ಕಥೆ. ಬ್ರಿಟನ್ನಿನ ʻಓನ್ಲಿ ಫೂಲ್ಸ್ ಅಂಡ್ ಹಾರ್ಸಸ್ʼ, 1982. ಡೆಲ್, ಅವನ ತಮ್ಮ ರಾಡ್ನಿ ಮತ್ತು ಅವರ ತಾತ ಒಂದು ಬಂಗಲೆಯಲ್ಲಿ ಗಾಜಿನ ತೂಗುದೀಪ ತೊಳೆದುಕೊಡಲು ಒಪ್ಪಿಕೊಂಡಿದ್ದಾರೆ. ಕೆಲಸ ಗೊತ್ತಿಲ್ಲ. ಅಣ್ಣ ತಮ್ಮ ಎರಡು ಏಣಿ ಹತ್ತಿ, ದೀಪದ ಕೆಳಗೆ ಬಟ್ಟೆ ಬಿಗಿಯಾಗಿ ಹಿಡಿದು ನಿಂತಿದ್ದಾರೆ. ತಾತ ಮಹಡಿಯ ಮೇಲೆ ಬೋಲ್ಟು ಸಡಿಲಿಸುತ್ತಿದ್ದಾನೆ. ಇಬ್ಬರೂ ಉಸಿರು ಬಿಗಿಹಿಡಿದು ಮೇಲೆ ನೋಡುತ್ತಾರೆ. ಆಗ ಅವರ ಬೆನ್ನ ಹಿಂದೆ ಇದ್ದ ಇನ್ನೊಂದು ತೂಗುದೀಪ ಧಡಾರ್ ಅಂತ ನೆಲಕ್ಕೆ ಬಿದ್ದು ಪುಡಿಪುಡಿಯಾಗುತ್ತದೆ. ಇವರು ಬಟ್ಟೆ ಹಿಡಿದುಕೊಂಡೇ ಇದ್ದಾರೆ. ತಾತ ಇಳಿದು ಬಂದು ಕೆಲಸ ಹೇಗಾಯಿತು ಅಂತ ವಿಚಾರಿಸುತ್ತಾನೆ.

ಬೀಳಿಸಲು ಇದ್ದದ್ದು ಒಂದೇ ದೀಪ, ಹಾಗಾಗಿ ಒಂದೇ ಟೇಕು. ಆ ಹೊತ್ತಿಗೆ ನಕ್ಕರೆ ಕೆಲಸದಿಂದ ತೆಗೆಯುತ್ತೇನೆ ಅಂತ ನಿರ್ಮಾಪಕರು ರಾಡ್ನಿಯ ಪಾತ್ರಧಾರಿ ನಿಕೋಲಸ್ ಲಿಂಡ್‌ಹರ್ಸ್ಟ್‌ಗೆ ಹೆದರಿಸಿದ್ದರಂತೆ. ಅವನ ಮುಖದಲ್ಲಿ ಕಾಣುವ ಗಾಬರಿಯಲ್ಲಿ ಎಷ್ಟು ರಾಡ್ನಿಯದು, ಎಷ್ಟು ನಿಕೋಲಸ್‌ದು!

ಆದರೆ ನಾನು ಹೇಳಬೇಕೆಂದಿದ್ದು ಅದಲ್ಲ. ಇದನ್ನು ಬರೆದ ಜಾನ್ ಸಲಿವನ್‌ಗೆ ಕಥೆ ಸಿಕ್ಕಿದ್ದು ಮನೆಯಲ್ಲಿ. ಅವನ ಅಪ್ಪ ಕೊಳಾಯಿ ಕೆಲಸದವರು. ಅವರು ಕೆಲಸಕ್ಕೆ ಹೋಗಿದ್ದ ಒಂದು ದೊಡ್ಡ ಮನೆಯಲ್ಲಿ ಇಂಥದೇ ಘಟನೆ ನಿಜವಾಗಿ ನಡೆದಿತ್ತು. ಅಪ್ಪ ಅದನ್ನು ಹೇಳಿದಾಗ ಮಗ ಬಿದ್ದು ಬಿದ್ದು ನಕ್ಕ. ಅಪ್ಪನಿಗೆ ಸಿಟ್ಟು ಬಂತು. ನಗುವಂಥದ್ದೇನಿದೆ, ಆವತ್ತು ಜನ ಕೆಲಸ ಕಳಕೊಂಡರು, ಅಂತ.

ಇಬ್ಬರ ಮುಖವೂ ಕಣ್ಣಿಗೆ ಕಟ್ಟುತ್ತದೆ. ಮಗ ಆ ಮನೆಯಲ್ಲಿ ಇರಲಿಲ್ಲ, ಅವನಿಗೆ ಕಾಣುವುದು ಬಟ್ಟೆ ಹಿಡಿದು ನಿಂತವರು. ಅಪ್ಪನಿಗೆ ಕಾಣುವುದು ಮಾರನೆಯ ದಿನ ಕೆಲಸಕ್ಕೆ ಬರದವರು. ಕೋಟಿಗಟ್ಟಲೆ ಜನ ನಕ್ಕರು ಅಂದಮಾತ್ರಕ್ಕೆ ಅಪ್ಪನ ಮಾತು ಸುಳ್ಳಾಗುವುದಿಲ್ಲ ಅಲ್ವಾ?

ನಮ್ಮ ಮನೆಯಲ್ಲಿ ಆ ಅಪ್ಪನ ಜಾಗದಲ್ಲಿ ಇರುವವನು ಹೆಂಡತಿಯ ತಮ್ಮ. ಬೀರುವಿನ ಕಥೆಗೆ ಹೆಂಡತಿ ಮೂರು ತಿಂಗಳಲ್ಲೇ ನಕ್ಕಳು, ಸೋಫಾದ ನೆಪದಲ್ಲಿ. ನನಗೆ ಒಂದು ವರ್ಷ ಬೇಕಾಯಿತು. ತಮ್ಮನ ಉಗುರು ಕಪ್ಪಾಗಿ, ಉದುರಿ, ಹೊಸದು ಬರಲು ತಿಂಗಳುಗಟ್ಟಲೆ ಹಿಡಿಯಿತು. ಬಂದ ಉಗುರು ಸೊಟ್ಟ. ಯಾರಾದರೂ ಆ ಕಥೆ ತೆಗೆದರೆ ಅವನು ಮೊಬೈಲ್ ನೋಡಲು ಶುರು ಮಾಡುತ್ತಾನೆ. ನಾವು ನಗುತ್ತಿರುವಾಗ ಅವನ ಹೆಬ್ಬೆರಳು ತಾನಾಗಿ ಮುಷ್ಟಿಯೊಳಗೆ ಹೋಗುವುದನ್ನು ಒಂದೆರಡು ಸಲ ಗಮನಿಸಿದ್ದೇನೆ.

ಸಿಟ್‌ಕಾಮಿನವರಿಗೆ ಈ ಉಗುರಿನ ತೊಂದರೆ ಇಲ್ಲ. ಮುಂದಿನ ವಾರಕ್ಕೆ ಎಲ್ಲ ಅಳಿಸಿರುತ್ತದೆ. ಒಡೆದದ್ದು ಕೂಡಿರುತ್ತದೆ, ಮುನಿಸು ಹೋಗಿರುತ್ತದೆ, ಕಪಾಟಿಗೆ ತುಂಬಿಸಿಕೊಂಡ ಹೆಂಡತಿ ಕೌಂಟರಿನ ಹಿಂದೆ ಫೋನಿನಲ್ಲಿ ಹರಟುತ್ತಿರುತ್ತಾಳೆ. ಎಂದೋ ಒಮ್ಮೆ ಮಾತ್ರ ನಿಜವಾದ ಎಡವಟ್ಟು ಒಳಗೆ ನುಗ್ಗಿಬಿಡುತ್ತದೆ. ಅಮೆರಿಕದ ʻಸೈನ್‌ಫೆಲ್ಡ್ʼ ಧಾರಾವಾಹಿಯ 1991ರ ಕಂತೊಂದರಲ್ಲಿ ನಾಲ್ವರು ಗೆಳೆಯರು ಪಾರ್ಕಿಂಗಿನಲ್ಲಿ ಕಾರು ಎಲ್ಲಿ ನಿಲ್ಲಿಸಿದ್ದೆವು ಅಂತ ಮರೆತು ಇಡೀ ಕಂತು ಹುಡುಕುತ್ತಾರೆ. ಕಥೆಯ ಪ್ರಕಾರ ಕೊನೆಗೆ ಕಾರು ಸಿಕ್ಕಿ ಹೊರಟು ಹೋಗಬೇಕು. ಚಿತ್ರೀಕರಣದಲ್ಲಿ ಕಾರು ಸ್ಟಾರ್ಟೇ ಆಗಲಿಲ್ಲ. ನಿಜವಾಗಿಯೂ ಕೈಕೊಟ್ಟಿತು. ಅದನ್ನೇ ಮುಕ್ತಾಯವಾಗಿ ಇಟ್ಟುಕೊಂಡರು. ಸೂಕ್ಷ್ಮವಾಗಿ ನೋಡಿದರೆ ಕಾರಿನೊಳಗಿನ ನಟರು ನಗು ತಡೆಯಲಾಗದೆ ತಲೆ ತಗ್ಗಿಸುವುದು ಕಾಣುತ್ತದೆ. ನನಗೆ ತುಂಬಾ ಇಷ್ಟವಾದ ಮುಕ್ತಾಯ. ಬರೆದವರು ಇಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲ.

ನಮ್ಮ ಬೀರುವಿನ ಕಥೆಯೂ ಈಗ ನಡೆದ ಹಾಗೆ ಉಳಿದಿಲ್ಲ. ಅಪ್ಪನ ಬಾಯಲ್ಲಿ ಮುಕ್ಕಾಲು ಗಂಟೆ ಎರಡೂವರೆ ಗಂಟೆಯಾಗಿದೆ. ಕೈ ಕಟ್ಟಿಕೊಂಡು ನಿಂತಿದ್ದವರು ಈಗ ಬೀರುವಿನ ಒಂದು ಮೂಲೆ ಹಿಡಿದಿದ್ದಾರೆ. "ನಾನು ಮೊದಲೇ ಹೇಳಿದ್ದೆ, ಅಳತೆ ತಗೊಳ್ರೋ ಅಂತ" ಅನ್ನುತ್ತಾರೆ. ಅದು ಹೆಂಡತಿ ಹೇಳಿದ ಮಾತು. ಮೊದಲ ಸಲ ಅಪ್ಪ ಹಾಗೆ ಹೇಳಿದಾಗ ನಾನು ತಿದ್ದಲು ಹೋದೆ. ಅವಳು ಮೇಜಿನ ಕೆಳಗೆ ಕಾಲು ಒತ್ತಿದಳು. ಆಮೇಲೆ ಕೇಳಿದ್ದಕ್ಕೆ, "ಇರ್ಲಿ ಬಿಡಿ, ಅವರ ಬಾಯಲ್ಲಿ ಚೆನ್ನಾಗಿ ಕೇಳ್ಸುತ್ತೆ" ಅಂದಳು.

ಗೋಡೆಯ ಗೀರು ಹಾಗೇ ಇದೆ. ಮನೆಗೆ ಬಂದವರು ಕೇಳುತ್ತಾರೆ, ಅಪ್ಪ ಶುರು ಮಾಡುತ್ತಾರೆ.

ಮುಂದಿನ ಭಾನುವಾರ ನಾವು ಮನೆ ಬದಲಾಯಿಸುತ್ತಿದ್ದೇವೆ. ಬೀರು ಅದೇ ಮೆಟ್ಟಿಲಲ್ಲಿ ಇಳಿಯಬೇಕು. ಬೋಲ್ಟುಗಳಿಗೆ ನಾನು ನಿನ್ನೆಯೇ ಎಣ್ಣೆ ಬಿಟ್ಟಿದ್ದೇನೆ, ಅಳತೆಯನ್ನೂ ತಗೊಂಡಿದ್ದೇನೆ, ಎರಡು ಸಲ. ತಮ್ಮನಿಗೆ ಫೋನು ಮಾಡಿದೆ. "ನಾನಂತೂ ಬರಲ್ಲ" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟು ಗಂಟೆಗೆ?" ಅಂದ. ಸಂಜೆ ಅವನ ಅಕ್ಕನಿಗೆ ಒಂದು ಫೋಟೋ ಕಳಿಸಿದ್ದ. ಹೊಸ ಜೊತೆ ಕೈಗವಸು, ದಪ್ಪ ಚರ್ಮದ್ದು.

ಅಪ್ಪ ಬೆಳಿಗ್ಗೆಯೇ ಒಂದು ಕುರ್ಚಿ ತಗೊಂಡು ಹೋಗಿ ಮೆಟ್ಟಿಲ ಕೆಳಗೆ ಹಾಕಿ, ಕೂತು ನೋಡಿ, ಸ್ವಲ್ಪ ಬಲಕ್ಕೆ ಸರಿಸಿ ಬಂದಿದ್ದಾರೆ. ಅಲ್ಲಿಂದ ತಿರುವು ಚೆನ್ನಾಗಿ ಕಾಣುತ್ತದಂತೆ.